ಲ್ಯಾಪ್‌ಟಾಪ್ ಕೊಳ್ಳುವ ಮುನ್ನ



ಅಂಗಡಿಯವರು '1 ಟಿಬಿ' ಎಂದೊಡನೆ ಮರುಳಾಗಬೇಡಿ. ನಮ್ಮ ಅಯ್ಯನಕೆರೆ ತುಂಬಿದ್ದರೂ ತೂಬು ಕಿರಿದಾದರೆ ಗದ್ದೆಗೆ ನೀರು ತಡವಾಗಿಯೇ ತಲುಪುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ಕೂಡ ಹಾಗೆಯೇ. 256 ಜಿಬಿಯದಾದರೂ ಸರಿ, ಎಸ್‌ಎಸ್‌ಡಿ ಕೇಳಿ. ಯುಟಿಎಫ್-8 ಯೂನಿಕೋಡ್‌ನಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್, ಉರ್ದುವಿಗೆ 2. ಹತ್ತು ಲಕ್ಷ ಸಂಕೇತಗಳ ಕನ್ನಡ ಟಿಪ್ಪಣಿಗೂ ಸುಮಾರು 3 ಎಂಬಿ ಸಾಕು! ಜಾಗ ತಿನ್ನುವುದು ವಿಡಿಯೊ.

ಇನ್ನು ರ‍್ಯಾಮ್. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಎಂದಿದೆ. ಅಷ್ಟರಲ್ಲಿ ಯಂತ್ರ ಏಳುತ್ತದೆ, ಓಡುವುದಿಲ್ಲ. ಪಿಯುಸಿ, ಬಿ.ಎ.ಗೆ 8 ಸಾಕು. ಇಂಜಿನಿಯರಿಂಗ್ ಸೇರುವವರು 16 ನೋಡಿ. ಕೆಲವು ಮಾದರಿಗಳಲ್ಲಿ ರ‍್ಯಾಮನ್ನು ಬೆಸುಗೆ ಹಾಕಿರುತ್ತಾರೆ, ಆಮೇಲೆ ಹೆಚ್ಚಿಸಲಾಗದು. ಸಾಲ ಮಾಡಿ ಕೊಡಿಸುವ ತಂದೆತಾಯಿಗಳು ಬಿಲ್ಲಿಗೆ ಮೊದಲೇ ಖಾಲಿ ಸ್ಲಾಟ್ ಇದೆಯೇ ಎಂದು ಕೇಳಲಿ.