ಅಲೆಗಳ ಭಯ, ಹೊಗೆಯ ಮರೆವು

(ಯುವಜನರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಮೊಬೈಲ್ ವಿಕಿರಣದ ಕುರಿತು ಮಾತನಾಡುವಂತೆ ನನ್ನನ್ನು ಕೇಳಲಾಗಿದೆ. ಅದರೊಂದಿಗೆ ದೇಹವನ್ನು ಸೇರುವ ನ್ಯಾನೊ ಕಣಗಳ ವಿಷಯವನ್ನೂ ಸೇರಿಸಿಕೊಳ್ಳುತ್ತೇನೆ. ಏಕೆಂದರೆ ಇವೆರಡನ್ನೂ ಬೆಸೆದ ಒಂದು ಕಥೆ ಕೊರೋನಾ ಕಾಲದಿಂದ ನಮ್ಮ ನಡುವೆ ಓಡಾಡುತ್ತಿದೆ. ಲಸಿಕೆಯ ಮೂಲಕ ನ್ಯಾನೊ ಕಣಗಳನ್ನು ದೇಹದೊಳಗೆ ಸೇರಿಸಲಾಗಿದೆ, 5ಜಿ ಗೋಪುರಗಳ ಅಲೆಗಳು ಅವುಗಳನ್ನು ನಿಯಂತ್ರಿಸುತ್ತವೆ ಎಂಬುದು ಆ ಕಥೆ. ಮದುವೆ ಮನೆಯಲ್ಲೋ ಮಸೀದಿಯ ಅಂಗಳದಲ್ಲೋ ಇದನ್ನು ಕೇಳದವರು ಇಲ್ಲಿ ವಿರಳ. ನಕ್ಕು ತಳ್ಳಿಹಾಕುವುದು ಸುಲಭ. ಆದರೆ ತನ್ನ ಮಕ್ಕಳ ದೇಹದ ಬಗ್ಗೆ ಭಯಪಡುವ ತಂದೆತಾಯಿಗಳು ನಗುವಿಗಲ್ಲ, ಉತ್ತರಕ್ಕೆ ಅರ್ಹರು.

ಮೊದಲು ಅಲೆಗಳ ವಿಚಾರ. ಎಕ್ಸ್‌ರೇ, ಗಾಮಾ ಮುಂತಾದ ಕಿರಣಗಳಿಗೆ ಪರಮಾಣುವಿನಿಂದ ಎಲೆಕ್ಟ್ರಾನನ್ನು ಹೊರದಬ್ಬುವ ಶಕ್ತಿಯಿದೆ. ಆದ್ದರಿಂದಲೇ ಅವು ವಂಶವಾಹಿಗೆ ಹಾನಿ ಮಾಡಬಲ್ಲವು. ಮೊಬೈಲ್ ಬಳಸುವ ರೇಡಿಯೊ ಅಲೆಗಳಿಗೆ ಆ ಶಕ್ತಿಯಿಲ್ಲ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಕಣಕ್ಕಿಂತ ಅವುಗಳ ಕಣದ ಶಕ್ತಿ ಸಾವಿರಾರು ಪಟ್ಟು ಕಡಿಮೆ. ಅವುಗಳಿಂದ ಖಚಿತವಾಗಿ ಸಾಬೀತಾಗಿರುವ ಪರಿಣಾಮವೆಂದರೆ ಅಂಗಾಂಶವು ಬಿಸಿಯಾಗುವುದು. ಮಿತಿಗಳನ್ನು ನಿಗದಿಪಡಿಸಿರುವುದೂ ಈ ಆಧಾರದಲ್ಲಿಯೇ.

ಹಾಗಾದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2011ರಲ್ಲಿ ಈ ಅಲೆಗಳನ್ನು 'ಕ್ಯಾನ್ಸರ್‌ಕಾರಕ ಆಗಿರಬಹುದಾದವು' ಎಂಬ 2ಬಿ ಗುಂಪಿಗೆ ಸೇರಿಸಿದ್ದೇಕೆ ಎಂಬ ಪ್ರಶ್ನೆ ಉದ್ಭವಿಸುತ್ತದೆ. ಪ್ರಶ್ನೆ ನ್ಯಾಯವಾದುದು. ಆ ವರ್ಗೀಕರಣವು ಅಪಾಯದ ಪ್ರಮಾಣವನ್ನು ಹೇಳುವುದಿಲ್ಲ, ಲಭ್ಯ ಪುರಾವೆಯ ಬಲವನ್ನು ಹೇಳುತ್ತದೆ. ಸಂದೇಹವಿದೆ, ಪುರಾವೆ ಸಾಲದು ಎಂಬುದೇ ಅದರ ಅರ್ಥ. 2018ರಲ್ಲಿ ಪ್ರಕಟವಾದ ಅಮೆರಿಕದ ಸರಕಾರಿ ಅಧ್ಯಯನವೊಂದರಲ್ಲಿ, ದಿನಕ್ಕೆ ಸುಮಾರು 9 ಗಂಟೆಗಳಂತೆ ಎರಡು ವರ್ಷ ತೀವ್ರ ವಿಕಿರಣಕ್ಕೆ ಒಡ್ಡಿದ ಗಂಡು ಇಲಿಗಳ ಹೃದಯದಲ್ಲಿ ಗೆಡ್ಡೆಗಳು ಕಂಡುಬಂದವು. ಅದೇ ಗಂಡು ಇಲಿಗಳು ವಿಕಿರಣವಿಲ್ಲದೆ ಬೆಳೆದ ಇಲಿಗಳಿಗಿಂತ ಹೆಚ್ಚು ಕಾಲ ಬದುಕಿದವು ಎಂಬುದೂ ಆ ವರದಿಯಲ್ಲಿದೆ. ಮೊದಲ ವಾಕ್ಯವನ್ನು ಹಂಚುವವರು ಎರಡನೆಯದನ್ನು ಹಂಚುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯ ಮೇರೆಗೆ ಮಾನವರ ಮೇಲಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ 2024ರಲ್ಲಿ ಪ್ರಕಟವಾದ ಸಮೀಕ್ಷೆಯು, ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಮೊಬೈಲ್ ಬಳಸಿದವರಲ್ಲೂ ಮಿದುಳಿನ ಕ್ಯಾನ್ಸರ್‌ಗೆ ಸಂಬಂಧ ಕಂಡುಬಂದಿಲ್ಲವೆಂದು ಹೇಳಿತು.

ಇದರರ್ಥ ಪ್ರಶ್ನಿಸಬಾರದೆಂದಲ್ಲ. ಭಾರತವು 2012ರ ಸೆಪ್ಟೆಂಬರ್ 1ರಿಂದ ಗೋಪುರಗಳ ವಿಕಿರಣ ಮಿತಿಯನ್ನು ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿತು. ಜನರು ಪ್ರಶ್ನಿಸಿದ್ದರಿಂದಲೇ ಅದು ಸಾಧ್ಯವಾಯಿತು. ಆದರೆ ಮಿತಿಯನ್ನು ಬರೆಯುವುದು ಬೇರೆ, ಪಾಲಿಸುವುದು ಬೇರೆ. ಗೋಪುರದ ವಿಕಿರಣವನ್ನು ಅಳೆಯಿಸಲು ನಾಗರಿಕರಿಗೆ ಅವಕಾಶ ನೀಡುವ 'ತರಂಗ್ ಸಂಚಾರ್' ವ್ಯವಸ್ಥೆ 2017ರಲ್ಲಿ ಆರಂಭವಾದಾಗ ಅದರ ಶುಲ್ಕ 4,000 ರೂಪಾಯಿಯಾಗಿತ್ತು. ಕೂಲಿಕಾರನೊಬ್ಬ ತನ್ನ ಮನೆ ಸುರಕ್ಷಿತವೇ ಎಂದು ತಿಳಿಯಲು ಹಲವು ದಿನಗಳ ದುಡಿಮೆಯನ್ನು ತೆರಬೇಕೆಂದರೆ ಅದು ಹಕ್ಕೇ, ಸರಕೇ? 5ಜಿ ವಿರುದ್ಧ ನಟಿ ಜೂಹಿ ಚಾವ್ಲಾ ಸಲ್ಲಿಸಿದ ಮೊಕದ್ದಮೆಯನ್ನು ದಿಲ್ಲಿ ಹೈಕೋರ್ಟ್ 2021ರಲ್ಲಿ ವಜಾಗೊಳಿಸಿ 20 ಲಕ್ಷ ರೂಪಾಯಿ ದಂಡ ವಿಧಿಸಿತು. 2022ರಲ್ಲಿ ಅದನ್ನು 2 ಲಕ್ಷಕ್ಕೆ ಇಳಿಸಲಾಯಿತು. ವಾದ ದುರ್ಬಲವಾಗಿದ್ದಿರಬಹುದು. ಆದರೆ ದಂಡದಿಂದ ಭಯ ನಿವಾರಣೆಯಾಗುವುದಿಲ್ಲ, ಮಾಹಿತಿಯಿಂದ ಆಗುತ್ತದೆ.

ಇನ್ನೊಂದು ವಾಸ್ತವವನ್ನೂ ಗಮನಿಸಬೇಕು. ನಮ್ಮ ದೇಹಕ್ಕೆ ತಗಲುವ ಅಲೆಗಳಲ್ಲಿ ಹೆಚ್ಚಿನ ಪಾಲು ದೂರದ ಗೋಪುರದ್ದಲ್ಲ, ಕಿವಿಗೆ ಒತ್ತಿ ಹಿಡಿದ ಮೊಬೈಲಿನದ್ದು. ಸಿಗ್ನಲ್ ಕ್ಷೀಣವಾಗಿದ್ದಾಗ ಮೊಬೈಲ್ ಹೆಚ್ಚು ಶಕ್ತಿಯಿಂದ ಅಲೆಗಳನ್ನು ಹೊರಸೂಸುತ್ತದೆ. ಊರಿನ ಗೋಪುರವನ್ನು ಓಡಿಸಿ, ಸಿಗ್ನಲ್ ಸಿಗದ ಮೂಲೆಯಲ್ಲಿ ಗಂಟೆಗಟ್ಟಲೆ ಮಾತನಾಡುವವನು ತನಗೇ ತಾನು ಏನು ಮಾಡಿಕೊಳ್ಳುತ್ತಿದ್ದಾನೆಂದು ಯೋಚಿಸಲಿ.

ಇನ್ನು ಲಸಿಕೆಯ ನ್ಯಾನೊ ಕಣಗಳ ವಿಚಾರ. ಭಾರತದಲ್ಲಿ ಬಹುಪಾಲು ಜನರಿಗೆ ನೀಡಿದ್ದು ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್. ಮೊದಲನೆಯದು ನಿರುಪದ್ರವಿಗೊಳಿಸಿದ ವೈರಸನ್ನು ವಾಹಕವಾಗಿ ಬಳಸುತ್ತದೆ. ಎರಡನೆಯದು ನಿಷ್ಕ್ರಿಯಗೊಳಿಸಿದ ಕೊರೋನಾ ವೈರಸ್. ನ್ಯಾನೊ ಕಣಗಳನ್ನು ವಾಹಕವಾಗಿ ಬಳಸಿದ್ದು ಫೈಝರ್ ಮತ್ತು ಮೊಡೆರ್ನಾ ಲಸಿಕೆಗಳು. ಅವು ಕೂಡಾ ಕೊಬ್ಬಿನ ಸೂಕ್ಷ್ಮ ಹನಿಗಳು. ಅಲೆಗಳನ್ನು ಗ್ರಹಿಸುವ ಯಾವ ಯಂತ್ರವೂ ಅವುಗಳಲ್ಲಿಲ್ಲ. ಆದರೆ ಕೋವಿಶೀಲ್ಡ್‌ಗೆ ನಿಜವಾದ, ಅತಿ ವಿರಳವಾದ ಒಂದು ಅಡ್ಡಪರಿಣಾಮವಿತ್ತು. ರಕ್ತ ಹೆಪ್ಪುಗಟ್ಟುವ ಆ ಸಮಸ್ಯೆಯನ್ನು 2021ರಲ್ಲೇ ಗುರುತಿಸಲಾಗಿತ್ತು. ಅದರ ಕುರಿತು ಮಾಹಿತಿ, ಚಿಕಿತ್ಸೆ, ಪರಿಹಾರ ಕೇಳಬೇಕಾಗಿದ್ದ ಸಮಾಜವು ಚಿಪ್ಪಿನ ಕಥೆಯಲ್ಲಿ ಮುಳುಗಿತು. ಸುಳ್ಳಿನ ಗದ್ದಲದಲ್ಲಿ ನಿಜವಾದ ಪ್ರಶ್ನೆ ಕೇಳಿಸದೆ ಹೋಯಿತು. ವದಂತಿಯಿಂದಾಗುವ ದೊಡ್ಡ ನಷ್ಟ ಇದೇ.

ಇದರ ಬೆಲೆ ನಮಗೆ ತಿಳಿಯದ್ದಲ್ಲ. ಪೋಲಿಯೊ ಹನಿಯಿಂದ ಸಂತಾನಶಕ್ತಿ ನಾಶವಾಗುತ್ತದೆಂಬ ವದಂತಿ ಉತ್ತರ ಪ್ರದೇಶದ ಮುಸ್ಲಿಮ್ ಬಸ್ತಿಗಳಲ್ಲಿ ಹರಡಿದ ಕಾಲವಿತ್ತು. 2002ರಲ್ಲಿ ದೇಶದಲ್ಲಿ 1,600 ಪ್ರಕರಣಗಳು ವರದಿಯಾದಾಗ ಅವುಗಳಲ್ಲಿ ಬಹುಪಾಲು ಆ ರಾಜ್ಯದ್ದು. ಮುಸ್ಲಿಮ್ ಮಕ್ಕಳ ಪಾಲು ಜನಸಂಖ್ಯೆಯ ಪ್ರಮಾಣವನ್ನು ಮೀರಿತ್ತು. ವದಂತಿ ಹರಡಿದವರು ನಡೆದಾಡುತ್ತಲೇ ಇದ್ದರು. ಕಾಲು ಕಳೆದುಕೊಂಡದ್ದು ಮಕ್ಕಳು. ಬಳಿಕ ಉಲಮಾಗಳು, ಇಮಾಮರು, ಅಲಿಗಢ ಮತ್ತು ಜಾಮಿಯಾ ಮಿಲ್ಲಿಯಾ ವಿಶ್ವವಿದ್ಯಾನಿಲಯದವರು ಮನೆಮನೆಗೆ ಹೋಗಿ ಮನವರಿಕೆ ಮಾಡಿದರು. 2011ರ ಜನವರಿಯ ನಂತರ ದೇಶದಲ್ಲಿ ಕಾಡು ಪೋಲಿಯೊ ವೈರಸ್‌ನ ಪ್ರಕರಣ ದಾಖಲಾಗಲಿಲ್ಲ. 2014ರ ಮಾರ್ಚ್‌ನಲ್ಲಿ ಪೋಲಿಯೊಮುಕ್ತಿಯ ಪ್ರಮಾಣಪತ್ರ ದೊರೆಯಿತು.

ಭಯವಿದ್ದಲ್ಲಿ ವ್ಯಾಪಾರಿಯೂ ಇರುತ್ತಾನೆ. 2020ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಕಾಮಧೇನು ಆಯೋಗದ ಅಧ್ಯಕ್ಷರು ಮೊಬೈಲ್ ವಿಕಿರಣವನ್ನು ತಗ್ಗಿಸುತ್ತದೆಂದು ಹೇಳಿ ಸೆಗಣಿಯ ಚಿಪ್ಪನ್ನು ಬಿಡುಗಡೆ ಮಾಡಿದರು. ನೂರಾರು ವಿಜ್ಞಾನಿಗಳು ಪುರಾವೆ ಕೇಳಿ ಪತ್ರ ಬರೆದರು. ನಾವೂ ನಕ್ಕೆವು. ಆದರೆ ರೋಗಕ್ಕೆ ತಾಯಿತ ಮಾರುವವನ ಮನೆಯ ಮುಂದೆ ನಮ್ಮವರ ಸಾಲು ಕರಗಿದೆಯೇ? ಪುರಾವೆಯನ್ನು ಇತರರಿಂದ ಮಾತ್ರ ಕೇಳುವುದು ನ್ಯಾಯವಲ್ಲ.

ಸಹೋದರರೇ, ದೇಹವನ್ನು ಸೇರುವ ನ್ಯಾನೊ ಕಣಗಳು ನಿಜವಾಗಿಯೂ ಇವೆ. 100 ನ್ಯಾನೊಮೀಟರ್‌ಗಿಂತ ಚಿಕ್ಕ ಕಣಗಳಿಗೆ ಆ ಹೆಸರು. ತಲೆಗೂದಲಿನ ದಪ್ಪ ಅದರ ನೂರಾರು ಪಟ್ಟು. ಸೌದೆ ಒಲೆ, ಡೀಸೆಲ್ ವಾಹನ, ಬೀಡಿ, ಸೊಳ್ಳೆ ಬತ್ತಿ, ಬೀದಿಯಲ್ಲಿ ಸುಡುವ ಕಸ, ಇವೆಲ್ಲವುಗಳ ಹೊಗೆಯಲ್ಲಿ ಅವು ತುಂಬಿವೆ. ಶ್ವಾಸಕೋಶದ ಆಳಕ್ಕೆ ಇಳಿದು, ಕೆಲವು ರಕ್ತವನ್ನೂ ಸೇರುತ್ತವೆ. ಮೊಬೈಲ್ ಅಲೆಗಳನ್ನು ಸಂದೇಹದ ಗುಂಪಿನಲ್ಲಿಟ್ಟ ಅದೇ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನೂ 2013ರಲ್ಲಿ ಹೊರಾಂಗಣ ವಾಯುಮಾಲಿನ್ಯವನ್ನೂ ಖಚಿತ ಕ್ಯಾನ್ಸರ್‌ಕಾರಕಗಳೆಂದು ಘೋಷಿಸಿದೆ. ಒಲೆಯ ಹೊಗೆಯಂತಹ ಮನೆಯೊಳಗಿನ ಮಾಲಿನ್ಯದಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನರು ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಉಜ್ವಲಾ ಯೋಜನೆ 2016ರಲ್ಲಿ ಬಂತು. ಅಡುಗೆಮನೆಗೆ ಸಿಲಿಂಡರ್ ಬಂತು. ಅದು ಬರಿದಾದಾಗ ಮತ್ತೆ ತುಂಬಿಸಲು ಹಣವಿಲ್ಲದ ತಾಯಿ ಪುನಃ ಒಲೆಯ ಮುಂದೆ ಕುಳಿತಳು. ಈ ಹೊಗೆಯ ಬಗ್ಗೆ ಯಾರೂ ಸಂದೇಶ ಕಳುಹಿಸುವುದಿಲ್ಲ.

ಪ್ಲಾಸ್ಟಿಕ್‌ನದ್ದೂ ಇದೇ ಕಥೆ. 2022ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 22 ರಕ್ತದಾನಿಗಳ ಪೈಕಿ 17 ಮಂದಿಯ ರಕ್ತದಲ್ಲಿ ಪ್ಲಾಸ್ಟಿಕ್ ಕಣಗಳನ್ನು ಕಂಡರು. 2024ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ, ಕುತ್ತಿಗೆಯ ರಕ್ತನಾಳದ ಕೊಬ್ಬಿನಲ್ಲಿ ಈ ಕಣಗಳಿದ್ದವರಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಸಾಧ್ಯತೆ ನಾಲ್ಕೂವರೆ ಪಟ್ಟು ಹೆಚ್ಚಾಗಿ ಕಂಡುಬಂತು. ಅದು ಸಂಬಂಧವೇ ಹೊರತು ಕಾರಣವೆಂದು ಸಾಬೀತಾಗಿಲ್ಲ. ಆದರೂ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬಿಸಿ ಚಹಾ ಕಟ್ಟಿಸಿಕೊಳ್ಳುವುದನ್ನು ಬಿಡಲು ಇಷ್ಟು ಸಾಕಲ್ಲವೇ?

ಕೊನೆಯದಾಗಿ ಒಂದು ವಿನಂತಿ. ಭಯಕ್ಕೂ ಒಂದು ಶಿಸ್ತು ಇರಲಿ. ಸಂದೇಶ ಬಂದಾಗ ಹೇಳಿದವರು ಯಾರು, ಆಧಾರವೇನು, ಬಿಟ್ಟುಹೋದ ವಾಕ್ಯ ಯಾವುದು ಎಂದು ಕೇಳಿರಿ. ಗೋಪುರದ ಬಗ್ಗೆ ಸಂಶಯವಿದ್ದರೆ ಊರಿನವರು ಒಟ್ಟಾಗಿ ಅಳತೆಗೆ ಒತ್ತಾಯಿಸಿರಿ. ಅಷ್ಟೇ ಆಸಕ್ತಿಯಿಂದ ನಿಮ್ಮ ಮನೆಯ ಅಡುಗೆಕೋಣೆಗೆ ಒಮ್ಮೆ ಹೋಗಿ, ಅಲ್ಲಿ ಕೆಮ್ಮುತ್ತಿರುವವರು ಯಾರೆಂದು ನೋಡಿರಿ. ಸುಧಾರಣೆ ಅಲ್ಲಿಂದ ಆರಂಭವಾಗಲಿ.