‘ಮಾಯ್ತದೆ ಬುಡು’ ಅನ್ನೋದನ್ನ ಬಿಡೋಣ

(ರಜತ ಮಹೋತ್ಸವದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಓದಿದ್ದು ಎಸ್.ಎಸ್.ಎಲ್.ಸಿ. ಮಾತ್ರ, ಡಾಕ್ಟರಲ್ಲ. ಆದರೂ ಬಿಸಿಲು ಮತ್ತು ಚರ್ಮದ ಬಗ್ಗೆ ಎರಡು ಮಾತಾಡಲು ನಿಂತಿದ್ದೇವೆ. ಕಾರಣ, ನಮ್ಮ ಮನೆಯಲ್ಲೇ ನಡೆದ ಸಂಗತಿ.

ನಮ್ಮ ದೊಡ್ಡಪ್ಪನವರಿಗೆ ಚಿಕ್ಕವಯಸ್ಸಿನಲ್ಲಿ ಆಲೆಮನೆಯ ಕುದಿಯುವ ಪಾಕ ಬಿದ್ದು ಕಾಲು ಸುಟ್ಟಿತ್ತು. ಗಾಯ ಮಾಯಿತು, ಕಲೆ ಉಳಿಯಿತು. ಅರವತ್ತು ದಾಟಿದ ಮೇಲೆ ಆ ಕಲೆಯೇ ಒಡೆದು ಹುಣ್ಣಾಯಿತು. “ಬಿಸ್ಲಿಗೆ ಒಡ್ದದೆ, ಮಾಯ್ತದೆ ಬುಡು” ಅಂದರು. ಒಂದೂವರೆ ವರ್ಷ ಸೊಪ್ಪು ಅರೆದು ಕಟ್ಟಿದ್ದಾಯಿತು. ಕಟ್ಟಿದವರಲ್ಲಿ ನಾವೂ ಒಬ್ಬರು. ಕೊನೆಗೆ ಆಸ್ಪತ್ರೆಗೆ ಹೋದಾಗ ಚರ್ಮದ ಕ್ಯಾನ್ಸರ್ ಎಂದರು. ಕಾಲನ್ನೇ ತೆಗೆಯಬೇಕಾಯಿತು. ಮೊದಲೇ ಬಂದಿದ್ದರೆ ಕಾಲು ಉಳಿಯುತ್ತಿತ್ತೇನೋ ಎಂದ ವೈದ್ಯರ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ಬಂಧುಗಳೇ, ನಮ್ಮ ಮೈಬಣ್ಣ ದೇವರು ಕೊಟ್ಟ ಕೊಡೆ. ಚರ್ಮದಲ್ಲಿರುವ ಮೆಲನಿನ್ ಎಂಬ ಬಣ್ಣ ಸೂರ್ಯನ ಅತಿನೇರಳೆ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಆದ್ದರಿಂದ ಬಿಳಿಯರಿಗಿಂತ ನಮ್ಮಲ್ಲಿ ಈ ರೋಗ ಬಹಳ ಕಡಿಮೆ. ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತಲ್ಲ. ಹಳೇ ಸುಟ್ಟ ಕಲೆಯಲ್ಲಿ, ಮಾಯದ ಹುಣ್ಣಿನಲ್ಲಿ, ಬಿಸಿಲೇ ಬೀಳದ ಅಂಗಾಲಿನಲ್ಲೂ ಬರಬಹುದು. ಲಂಗದ ಲಾಡಿ ವರ್ಷಗಟ್ಟಲೆ ಬಿಗಿದು ಸೊಂಟದಲ್ಲಿ ಹುಣ್ಣಾಗಿ, ಅದು ಕ್ಯಾನ್ಸರಿಗೆ ತಿರುಗಿದ್ದನ್ನು 2024ರಲ್ಲಿ ಮಹಾರಾಷ್ಟ್ರ, ಬಿಹಾರದ ವೈದ್ಯರು ವರದಿ ಮಾಡಿದ್ದಾರೆ. ತಾಯಂದಿರು ಲಾಡಿ ಸಡಿಲ ಕಟ್ಟಿ, ಅಗಲದ ಪಟ್ಟಿ ಹೊಲಿಸಿಕೊಳ್ಳಿ. ಹುಟ್ಟಿನಿಂದಲೇ ಮೈ, ಕೂದಲು, ರೆಪ್ಪೆ ಎಲ್ಲ ಬೆಳ್ಳಗಿರುವ ಮಕ್ಕಳಿಗಂತೂ ಆ ಕೊಡೆಯೇ ಇಲ್ಲ. ಅವರನ್ನು ಬಿಸಿಲಿಗೆ ಕಳಿಸಲೇಬೇಡಿ. ಕಳಿಸಬೇಕಾದರೆ ತುಂಬುತೋಳಿನ ಅಂಗಿ, ಅಗಲ ಟೋಪಿ ತಪ್ಪದೆ ಹಾಕಿಸಿ.

ಬೆಳಿಗ್ಗೆ 10ರಿಂದ ಸಂಜೆ 4ರವರೆಗಿನ ಬಿಸಿಲು ಬಲು ಜೋರು. ಎಚ್.ಎಫ್. ಹಸುವನ್ನು ಆ ಹೊತ್ತಿಗೆ ನೆರಳಿಗೆ ಕಟ್ಟುತ್ತೇವೆ, ನಾವು ಮಾತ್ರ ಬನಿಯನ್ನಿನಲ್ಲಿ ಗದ್ದೆಯಲ್ಲಿರುತ್ತೇವೆ! ಯಜಮಾನರ ಹಳೇ ಶರ್ಟನ್ನು ಸೀರೆ ಮೇಲೆ ತೊಟ್ಟು ನಾಟಿಗೆ ಇಳಿಯುವ ನಮ್ಮ ಹೆಣ್ಣುಮಕ್ಕಳೇ ಜಾಣರು. ತಲೆಗೆ ಟವಲ್ಲು, ಮೈಗೆ ತುಂಬುತೋಳು, ಕುಡಿಯಲು ನೀರು, ಮಧ್ಯಾಹ್ನ ಹೊಂಗೆ ನೆರಳು: ಇವಕ್ಕೆ ಖರ್ಚೇನೂ ಇಲ್ಲ. ಕಣ್ಣಿಗೆ ಪೊರೆ ಬರಲು ಕೂಡ ಬಿಸಿಲು ಒಂದು ಕಾರಣ.

ಮುಖ್ಯವಾದ ಮಾತು ಇದು. ನಾಲ್ಕು ವಾರವಾದರೂ ಮಾಯದ ಹುಣ್ಣು, ಬೆಳೆಯುವ ಇಲ್ಲವೇ ರಕ್ತ ಬರುವ ಗಂಟು, ಅಂಗಾಲಿನಲ್ಲಿ ಅಥವಾ ಉಗುರಿನಡಿ ಹೊಸದಾಗಿ ಬಂದ ಕಪ್ಪು ಗುರುತು ಕಂಡರೆ ನೋವಿಲ್ಲವೆಂದು ಸುಮ್ಮನಿರಬೇಡಿ. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಿ. ಅಲ್ಲಿಂದ ಮುಂದೆ ಹೋಗಬೇಕಾದರೆ 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇದೆ. ಸಹಕಾರಿಗಳಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ, ನಡುವೆ ನಿಂತಿದ್ದರೂ, 2022ರಲ್ಲಿ ಮತ್ತೆ ಬಂತು. ಕಾರ್ಡಿನಲ್ಲಿ ಯಾವ ಚಿಕಿತ್ಸೆ ಸಿಗುತ್ತದೆಂದು ಕಾರ್ಯದರ್ಶಿಗಳನ್ನು ಕೇಳಿಕೊಳ್ಳಿ.

ಇಪ್ಪತ್ತೈದು ವರ್ಷದಿಂದ ದಿನಕ್ಕೆರಡು ಸಲ ಹಾಲನ್ನು ಪರೀಕ್ಷೆಗೆ ಕೊಟ್ಟಿದ್ದೇವೆ. ತಿಂಗಳಿಗೊಮ್ಮೆ ನಮ್ಮ ಮೈಯನ್ನೂ, ಮನೆಯ ಹಿರಿಯರ ಪಾದವನ್ನೂ ನೋಡೋಣ. ದೊಡ್ಡಪ್ಪನವರು ಇಂದು ಊರುಗೋಲಿನಲ್ಲೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಈ ಮಾತು ಹೇಳೆಂದು ಕಳಿಸಿದವರೂ ಅವರೇ.