ಎಲೆಯಿಲ್ಲದ ಗಿಡ, ಬಂಜರಲ್ಲದ ನೆಲ



ಸಂಸ್ಕೃತ ಬಲ್ಲವರಿಗೆ ‘ಕರೀರ’ ಎಂಬ ಹೆಸರು ಹೊಸದಲ್ಲ. ಭರ್ತೃಹರಿಯ ನೀತಿಶತಕದಲ್ಲಿ ಈ ಗಿಡ ಹಣೆಬರಹಕ್ಕೊಂದು ಉದಾಹರಣೆಯಾಗಿ ಬರುತ್ತದೆ. ಎಲೆಗಳ ಭಾಗ್ಯವನ್ನು ಪಡೆದು ಬಂದಿಲ್ಲದ ಗಿಡ ಎಂಬುದು ಅಲ್ಲಿನ ಧ್ವನಿ. ಆದರೆ ಕರೀರದ ತವರಾದ ಥಾರ್ ಮರುಭೂಮಿಗೆ ಹೋಗಿ ನೋಡಿದರೆ ಕಥೆಯೇ ಬೇರೆ. ಅಲ್ಲಿ ಎಲೆಯಿಲ್ಲದಿರುವುದು ದುರದೃಷ್ಟವಲ್ಲ, ಬದುಕುವ ಉಪಾಯ.

ರಾಜಸ್ಥಾನದ ಜನ ಇದನ್ನು ‘ಕೇರ್’ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಕ್ಯಾಪರಿಸ್ ಡೆಸಿಡುವಾ. ಇಟಲಿಯ ಅಡುಗೆಗೆ ಬಳಸುವ ಕೇಪರ್ ಮೊಗ್ಗು ಇದೇ ಕುಲದ ಇನ್ನೊಂದು ಗಿಡದ್ದು. ಆಫ್ರಿಕದ ಸಹಾರಾ ಸೀಮೆಯಿಂದ ಅರೇಬಿಯಾ, ಪಾಕಿಸ್ತಾನಗಳನ್ನು ಹಾದು ಪಶ್ಚಿಮ ರಾಜಸ್ಥಾನದವರೆಗೆ ಹಬ್ಬಿರುವ ಒಣನಾಡೇ ಕೇರ್‌ನ ನೆಲೆ. ಜೈಸಲ್ಮೇರ್ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿಲಿಮೀಟರ್ ಮುಟ್ಟುವುದೂ ಕಷ್ಟ. ಇದೇ ಸೀಮೆಯ ಫಲೋದಿಯಲ್ಲಿ 2016ರ ಮೇ ತಿಂಗಳಲ್ಲಿ ಉಷ್ಣಾಂಶ 51 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು.

ಇಂಥ ಕಡೆ ಅಗಲವಾದ ಎಲೆ ಬಿಡುವುದೆಂದರೆ ಇದ್ದಬದ್ದ ನೀರನ್ನು ಗಾಳಿಗೆ ತೂರಿದಂತೆ. ಎಲೆಯ ಸೂಕ್ಷ್ಮ ರಂಧ್ರಗಳ ಮೂಲಕ ನೀರು ಆವಿಯಾಗುತ್ತಲೇ ಇರುತ್ತದೆ. ಅದಕ್ಕೇ ಕೇರ್ ಎಳೆ ಚಿಗುರಿನಲ್ಲಷ್ಟೇ ಪುಟ್ಟ ಪುಟ್ಟ ಎಲೆ ಬಿಟ್ಟು ಬೇಗನೆ ಉದುರಿಸಿಬಿಡುತ್ತದೆ. ಆಹಾರ ತಯಾರಿಸುವ ಕೆಲಸವನ್ನು ಅದರ ಹಸಿರು ಕಡ್ಡಿಗಳೇ ವಹಿಸಿಕೊಳ್ಳುತ್ತವೆ. ಕಡ್ಡಿಯುದ್ದಕ್ಕೂ ಜೋಡಿ ಜೋಡಿ ಮುಳ್ಳು. ಬೇರು ತೇವ ಹುಡುಕುತ್ತ ಆಳಕ್ಕೆ ಇಳಿಯುತ್ತದೆ. ಗಾಳಿಗೆ ಹಾರುವ ಮರಳು ಪೊದೆಯ ಬುಡದಲ್ಲಿ ತಡೆದು ನಿಲ್ಲುತ್ತದೆ. ಸುತ್ತಲಿನ ಹುಲ್ಲು ಒಣಗಿ ನಿಂತಿರುವ ಬೇಸಿಗೆಯ ಹೊಸ್ತಿಲಲ್ಲಿ ಬರಿಯ ಕಡ್ಡಿಗಳ ಮೇಲೆ ಕೆಂಪು ಹೂ ಅರಳುತ್ತದೆ.

ಹೂವಿನ ಹಿಂದೆಯೇ ಗೋಲಿಯಂಥ ಹಸಿರು ಕಾಯಿ ಬರುತ್ತದೆ. ಹಸಿಯಾಗಿ ತಿಂದರೆ ಕಹಿ. ಮಾರವಾಡದ ಹೆಂಗಸರು ಅದನ್ನು ಬಿಡಿಸಿ ತಂದು ಉಪ್ಪುನೀರಿನಲ್ಲೋ ಮಜ್ಜಿಗೆಯಲ್ಲೋ ಕೆಲವು ದಿನ ನೆನೆಹಾಕಿ, ಕಹಿ ಬಿಟ್ಟ ಮೇಲೆ ಬಿಸಿಲಿಗೆ ಹರವುತ್ತಾರೆ. ಕನ್ನಡನಾಡಿನ ಮನೆಗಳಲ್ಲಿ ಬಾಳಕದ ಮೆಣಸಿನಕಾಯಿ ಮಾಡುವುದನ್ನು ಕಂಡವರಿಗೆ ಈ ಕೆಲಸ ಅಪರಿಚಿತವೆನಿಸದು. ಒಣಗಿದ ಕೇರ್ ವರ್ಷಗಟ್ಟಲೆ ಕೆಡುವುದಿಲ್ಲ. ಬನ್ನಿ ಜಾತಿಯ ಖೇಜ್ರಿ ಮರದ ಕಾಯಿ ‘ಸಾಂಗರಿ’ಯ ಜೊತೆ ಬೇಯಿಸಿದರೆ ಅದೇ ಹೆಸರಾಂತ ಕೇರ್-ಸಾಂಗರಿ ಪಲ್ಯ. ಇಂದು ಅದು ದೊಡ್ಡ ಹೋಟೆಲುಗಳ ತಟ್ಟೆಯಲ್ಲಿದೆ. ಆದರೆ ಅದು ಹುಟ್ಟಿದ್ದು ತರಕಾರಿಯೇ ಇಲ್ಲದ ಊರುಗಳ ಅಡುಗೆಮನೆಯಲ್ಲಿ. 1899–1900ರ ಘೋರ ಬರವನ್ನು ರಾಜಸ್ಥಾನದವರು ವಿಕ್ರಮ ಸಂವತ್ಸರ 1956ರ ಲೆಕ್ಕದಲ್ಲಿ ‘ಛಪ್ಪನಿಯಾ ಕಾಲ’ ಎಂದು ಇಂದಿಗೂ ನೆನೆಯುತ್ತಾರೆ. ಖೇಜ್ರಿಯ ತೊಗಟೆಯನ್ನೇ ಕುಟ್ಟಿ ಹಿಟ್ಟು ಮಾಡಿ ತಿಂದ ಕಾಲವದು. ಮರುಭೂಮಿಯ ಜನಕ್ಕೆ ಈ ಗಿಡಮರಗಳೇ ಕಣಜ.

ಈ ಕಣಜಕ್ಕೆ ಕಾವಲೂ ಇತ್ತು. ಕೊಡಗಿನಲ್ಲಿ ದೇವರಕಾಡುಗಳಿರುವಂತೆ ರಾಜಸ್ಥಾನದ ಊರುಗಳಲ್ಲಿ ‘ಓರಣ್’ಗಳಿವೆ. ದೇವರಿಗೋ ವೀರಪುರುಷರಿಗೋ ಬಿಟ್ಟ ನೆಲ ಅದು. ದನ, ಒಂಟೆ, ಕುರಿ ಮೇಯಬಹುದು, ಹಣ್ಣು ಕಾಯಿ ಆಯಬಹುದು. ಹಸಿ ಗಿಡಕ್ಕೆ ಮಾತ್ರ ಕೊಡಲಿ ತಾಗಬಾರದು. ಕೇರ್, ಬೋರೆ, ಖೇಜ್ರಿಗಳು ಇಂಥ ನೆಲದಲ್ಲಿ ಉಳಿದು ಬಂದಿವೆ. ಅಳಿವಿನಂಚಿನಲ್ಲಿರುವ ಎರ್ಲಡ್ಡು ಹಕ್ಕಿಯ ಆಹಾರದಲ್ಲಿ ಕೇರ್ ಹಣ್ಣೂ ಸೇರಿದೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸುತ್ತಮುತ್ತ ಬೆರಳೆಣಿಕೆಯಷ್ಟು ಕಾಣಸಿಕ್ಕಿದ್ದು ಇದೇ ಹಕ್ಕಿ.

ಹಾಗಾದರೆ ಮುಳ್ಳಿನ ಗಿಡ ಯಾವುದಾದರೂ ಮರುಭೂಮಿಗೆ ಸೈ ಎನ್ನಬಹುದೆ? ಇಲ್ಲ ಎನ್ನುವುದಕ್ಕೆ ಕನ್ನಡಿಗರು ‘ಬಳ್ಳಾರಿ ಜಾಲಿ’ ಎಂದು ಕರೆಯುವ ಗಿಡವೇ ಸಾಕ್ಷಿ. ಅದರ ತವರು ಮೆಕ್ಸಿಕೋ ಮತ್ತು ಮಧ್ಯ, ದಕ್ಷಿಣ ಅಮೆರಿಕದ ಒಣ ಸೀಮೆಗಳು. 1870ರ ದಶಕದಲ್ಲಿ ಅದು ಭಾರತಕ್ಕೆ ಬಂತು. ಬೇಗ ಬೆಳೆದು ಸೌದೆಯಾಗುತ್ತದೆ ಎಂಬ ಕಾರಣಕ್ಕೆ ಜೋಧಪುರ ಸಂಸ್ಥಾನ 1940ರಲ್ಲಿ ಅದಕ್ಕೆ ‘ರಾಜವೃಕ್ಷ’ದ ಮನ್ನಣೆ ಕೊಟ್ಟಿತು. ಸೌದೆ ಸಿಕ್ಕಿದ್ದು ನಿಜ. ಆದರೆ ಅದು ಹಬ್ಬಿದಲ್ಲಿ ಸ್ಥಳೀಯ ಹುಲ್ಲಿಗೂ ಗಿಡಗಳಿಗೂ ಜಾಗವಿಲ್ಲದಾಯಿತು. ಜೋಧಪುರದ ಮೆಹರಾನ್‌ಗಢ ಕೋಟೆಯ ಬುಡದಲ್ಲಿ ರಾವ್ ಜೋಧಾ ಉದ್ಯಾನವನ್ನು ರೂಪಿಸುವ ಕೆಲಸ 2006ರಲ್ಲಿ ಆರಂಭವಾದಾಗ ಮೊದಲು ಮಾಡಬೇಕಾದದ್ದು, ಬಂಡೆಯೊಳಗೆ ಇಳಿದಿದ್ದ ಇದೇ ಜಾಲಿಯ ಬೇರು ಕೀಳುವುದು. ಆ ಬಳಿಕವೇ ಅಲ್ಲಿಗೆ ಮರುಭೂಮಿಯ ಸ್ವಂತ ಗಿಡಗಳು ಮರಳಿದವು.

ಈಗಿನ ಸವಾಲು ಇನ್ನೊಂದು ಬಗೆಯದು. ಬಿಸಿಲು ಹೇರಳವಾಗಿರುವ ಥಾರ್‌ನಲ್ಲಿ ಸೌರ ವಿದ್ಯುತ್ ಸ್ಥಾವರಗಳು ಏಳುತ್ತಿವೆ. ಫಲೋದಿ ಸಮೀಪದ ಭಡ್ಲಾ ಸೋಲಾರ್ ಪಾರ್ಕ್ ಒಂದೇ ಸುಮಾರು 14,000 ಎಕರೆಯಲ್ಲಿ ಹರಡಿದ್ದು, ಅದರ ಸಾಮರ್ಥ್ಯ 2,245 ಮೆಗಾವಾಟ್. ದೇಶಕ್ಕೆ ಹೊಗೆಯಿಲ್ಲದ ವಿದ್ಯುತ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ತಕರಾರಿರುವುದು ನೆಲವನ್ನು ಆರಿಸುವ ರೀತಿಯಲ್ಲಿ. ಊರಿನವರು ತಲೆಮಾರುಗಳಿಂದ ಓರಣ್ ಎಂದು ಕಾಪಾಡಿಕೊಂಡು ಬಂದ ಎಷ್ಟೋ ಭೂಮಿ ಕಂದಾಯ ದಾಖಲೆಯಲ್ಲಿ ಬರೀ ‘ಬಂಜರು’. ಬಂಜರು ಎಂದು ಬರೆದ ಮೇಲೆ ಅದನ್ನು ಯಾರಿಗಾದರೂ ಕೊಡುವುದು ಸುಲಭ. ಪೊದೆ ಕಿತ್ತು ನೆಲ ಸಮ ಮಾಡಿದ ಮೇಲೆ ಕೇರ್ ಆಯುವವರಿಗೂ ಒಂಟೆ ಮೇಯಿಸುವವರಿಗೂ ಉಳಿಯುವುದು ತಂತಿ ಬೇಲಿ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ರಾಜಸ್ಥಾನದ ಇಂಥ ದೇವರ ವನಗಳನ್ನೆಲ್ಲ ಸ್ಥಳದಲ್ಲೂ ಉಪಗ್ರಹದ ಮೂಲಕವೂ ಗುರುತಿಸಿ ಅರಣ್ಯವೆಂದು ದಾಖಲಿಸುವಂತೆ ಸೂಚಿಸಿತು. ಗಿಡಗಳು ಎಷ್ಟು ದಟ್ಟವಾಗಿವೆ ಎಂಬುದಕ್ಕಿಂತ ಜನರ ಬದುಕಿನಲ್ಲಿ ಆ ನೆಲಕ್ಕಿರುವ ಸ್ಥಾನ ಮುಖ್ಯ ಎಂಬ ವಾದಕ್ಕೆ ಇದರಿಂದ ಬಲ ಬಂತು.

ಹಸಿರು ಕಂಡರಷ್ಟೇ ಕಾಡು, ಎಲೆ ಕಂಡರಷ್ಟೇ ಗಿಡ ಎನ್ನುವುದು ಮಳೆನಾಡಿನ ಲೆಕ್ಕ. ಆ ಲೆಕ್ಕ ಹಿಡಿದು ಮರುಭೂಮಿಯನ್ನು ಅಳೆದರೆ ಬರುವ ಉತ್ತರ ಸೊನ್ನೆಯೇ. ಕೇರ್ ಸಾವಿರಾರು ವರ್ಷಗಳಿಂದ ತನ್ನ ಲೆಕ್ಕವನ್ನು ತಪ್ಪಿಲ್ಲದೆ ಮಾಡಿಕೊಂಡು ಬಂದಿದೆ. ದಾಖಲೆ ಪುಸ್ತಕ ಬರೆಯುವವರು ಅದನ್ನು ಓದಲು ಕಲಿಯಬೇಕಿದೆ.